ಗೆಡ್ಡೆಯಿಂದ, ಬೀಜದಿಂದ ಲಿಲ್ಲಿ: ಪುಣೆ, ಮುಂಬೈ, ಗೋವಾದ ಕೈತೋಟಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಪುಣೆಯ ಯಾವುದೇ ನರ್ಸರಿಗೆ ಹೋಗಿ ಲಿಲ್ಲಿ ಬೇಕೆಂದು ಕೇಳಿದರೆ ಅನುಭವಿ ಮಾಳಿ ತಕ್ಷಣ ಗಿಡ ತೋರಿಸುವುದಿಲ್ಲ. "ಕುಠಲೀ ಲಿಲೀ?" ಎಂದು ಮರುಪ್ರಶ್ನೆ ಹಾಕುತ್ತಾನೆ. ಯಾವ ಲಿಲ್ಲಿ ಎಂಬ ಆ ಪ್ರಶ್ನೆಗೆ ಉತ್ತರ ಸಿಗದೆ ಗೆಡ್ಡೆಯನ್ನು ಎಷ್ಟು ಆಳಕ್ಕೆ ಊರಬೇಕು, ಬೀಜವನ್ನು ಒಣಗಿಸಬೇಕೇ ಬೇಡವೇ, ಫ್ರಿಜ್‌ನಲ್ಲಿ ಇಡಬೇಕೇ ಬೇಡವೇ ಎಂಬ ಯಾವ ಮಾತಿಗೂ ಅರ್ಥವಿರುವುದಿಲ್ಲ. ಲಿಲ್ಲಿ ಎಂಬ ಒಂದೇ ಹೆಸರಿನ ಅಡಿಯಲ್ಲಿ ನಮ್ಮ ಪೇಟೆಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಕುಟುಂಬಗಳ ಸಸ್ಯಗಳು ಮಾರಾಟವಾಗುತ್ತವೆ, ಮತ್ತು ಒಂದಕ್ಕೆ ಹಿತವಾದ ಉಪಚಾರ ಇನ್ನೊಂದನ್ನು ಕೊಳೆಸಿಬಿಡುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ನೆಡುವುದರಿಂದಲ್ಲ, ಗುರುತಿಸುವುದರಿಂದ ಆರಂಭವಾಗುತ್ತದೆ.

ಗೆಡ್ಡೆಯನ್ನು ಕೈಗೆತ್ತಿಕೊಂಡು ನೋಡುವುದು

ಕೈಗೆ ಬಂದ ಗೆಡ್ಡೆ ಈರುಳ್ಳಿಯಂತೆ ಕಂದು ಬಣ್ಣದ ತೆಳು ಸಿಪ್ಪೆಯನ್ನು ಹೊದ್ದುಕೊಂಡಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ನಿಜವಾದ ಲಿಲ್ಲಿಯ, ಅಂದರೆ ಲಿಲಿಯಮ್ ಕುಲದ ಗೆಡ್ಡೆಗೆ ಅಂಥ ಹೊದಿಕೆ ಇರುವುದಿಲ್ಲ. ಅದು ಬೆಳ್ಳಗಿನ ಅಥವಾ ಹಳದಿ ಛಾಯೆಯ, ಒಂದರ ಮೇಲೊಂದು ಜೋಡಿಸಿದಂತಿರುವ ದಪ್ಪ ಪೊರೆಗಳ ಗೊಂಚಲು. ಬೆರಳಿನಿಂದ ಒತ್ತಿದರೆ ಪೊರೆಗಳು ಒಂದೊಂದಾಗಿ ಕಳಚಿ ಬರುತ್ತವೆ. ಹೊದಿಕೆ ಇಲ್ಲದ ಕಾರಣ ಅದು ಬೇಗ ಒಣಗುತ್ತದೆ, ಬೇಗ ಪೆಟ್ಟಾಗುತ್ತದೆ. ಅದಕ್ಕಾಗಿಯೇ ಅದನ್ನು ಯಾವಾಗಲೂ ತೇವದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಮರದ ಹೊಟ್ಟಿನಲ್ಲಿ ಹುದುಗಿಸಿ ಮಾರುತ್ತಾರೆ.

ಸಿಪ್ಪೆ ಇರುವ, ಕತ್ತರಿಸಿದರೆ ಈರುಳ್ಳಿಯಂತೆಯೇ ಸುತ್ತು ಸುತ್ತಾಗಿ ಕಾಣುವ ಗೆಡ್ಡೆ ಬಹುತೇಕ ಅಮರಿಲ್ಲಿಸ್ ಕುಟುಂಬದ್ದು. ಮಳೆ ಬಿದ್ದ ಕೂಡಲೇ ಅರಳುವ ರೇನ್ ಲಿಲ್ಲಿ, ಬೇಸಿಗೆಯಲ್ಲಿ ದೊಡ್ಡ ಕೆಂಪು ತುತ್ತೂರಿಗಳನ್ನು ಬಿಡುವ ಹಿಪ್ಪಿಯಾಸ್ಟ್ರಮ್, ರಸ್ತೆ ವಿಭಜಕಗಳಲ್ಲಿ ನೆಟ್ಟಿರುವ ಸ್ಪೈಡರ್ ಲಿಲ್ಲಿ, ಮರಾಠಿಯಲ್ಲಿ ನಾಗದವಣಾ ಎನ್ನುವ ಕ್ರೈನಮ್, ಮೇ ತಿಂಗಳಲ್ಲಿ ಎಲೆಗಿಂತ ಮೊದಲು ಕೆಂಪು ಚೆಂಡನ್ನು ಎತ್ತಿ ಹಿಡಿಯುವ ಫುಟ್‌ಬಾಲ್ ಲಿಲ್ಲಿ ಇವೆಲ್ಲವೂ ಈ ಗುಂಪಿನವು. ಮೂರನೆಯದು ಪೊರೆಯೂ ಸುತ್ತುಗಳೂ ಇಲ್ಲದ, ನೇಗಿಲಿನಂತೆ ಬಾಗಿದ ಗೆಣಸಿನಂಥ ಗೆಡ್ಡೆ. ಇದು ಮಲೆನಾಡಿನಲ್ಲಿ ಗೌರಿ ಹೂ ಎಂದೂ ಮಹಾರಾಷ್ಟ್ರದಲ್ಲಿ ಕಳಲಾವಿ ಎಂದೂ ಕರೆಸಿಕೊಳ್ಳುವ ಗ್ಲೋರಿಯೋಸಾ. ಸಂಸ್ಕೃತದ ಲಾಂಗಲೀ ಎಂಬ ಹೆಸರೂ ನೇಗಿಲಿನಿಂದಲೇ ಬಂದಿದೆ. ಡೇ ಲಿಲ್ಲಿ, ಪೀಸ್ ಲಿಲ್ಲಿ, ಕ್ಯಾಲಾ ಲಿಲ್ಲಿ, ನೈದಿಲೆ ಇವು ಹೆಸರಿಗೆ ಮಾತ್ರ ಲಿಲ್ಲಿಗಳಾದ್ದರಿಂದ ಅವನ್ನು ಇಲ್ಲಿಗೇ ಬಿಡುತ್ತೇನೆ.

ಗೆಡ್ಡೆ ನೋಡಲು ಸಿಗದೆ ಹೂವಷ್ಟೇ ಎದುರಿಗಿದ್ದರೆ ಹೂವಿನ ಬೆನ್ನನ್ನು ನೋಡಬೇಕು. ಪಕಳೆಗಳ ಬುಡಕ್ಕಿಂತ ಕೆಳಗೆ, ತೊಟ್ಟಿನ ತುದಿಯಲ್ಲಿ, ಹಸಿರು ಗಂಟಿನಂತೆ ಅಂಡಾಶಯ ಹೊರಗೇ ಕಾಣುತ್ತಿದ್ದರೆ ಅದು ಅಮರಿಲ್ಲಿಸ್ ಗುಂಪಿನ ಹೂವು. ಅಂಡಾಶಯ ಹೂವಿನ ಒಳಗೆ, ಪಕಳೆಗಳ ಬುಡಕ್ಕಿಂತ ಮೇಲೆ ಕುಳಿತಿದ್ದರೆ ಅದು ಲಿಲಿಯಮ್ ಅಥವಾ ಗ್ಲೋರಿಯೋಸಾ. ಇವೆರಡರಲ್ಲಿ ಗೊಂದಲಕ್ಕೆ ಎಡೆಯಿಲ್ಲ, ಏಕೆಂದರೆ ಗ್ಲೋರಿಯೋಸಾ ಎಲೆಯ ತುದಿಯನ್ನೇ ಕುಡಿಬಳ್ಳಿಯಾಗಿ ಸುತ್ತಿಕೊಂಡು ಹತ್ತುವ ಬಳ್ಳಿ, ಲಿಲಿಯಮ್ ಎಲೆಗಳನ್ನು ಹೊತ್ತ ನೆಟ್ಟಗಿನ ಕಾಂಡ. ಕಾಂಡದ ಲಕ್ಷಣವೂ ಇಲ್ಲಿ ಒಂದು ಸಾಕ್ಷಿಯೇ. ಅಮರಿಲ್ಲಿಸ್ ಗುಂಪಿನಲ್ಲಿ ಎಲೆಗಳು ನೆಲದಿಂದಲೇ ಹೊರಟು, ಹೂವಿನ ದಂಟು ಬೋಳಾಗಿ ಬೇರೆಯೇ ಏಳುತ್ತದೆ.

ಬಿಳಿಯ, ಉದ್ದುದ್ದ ಪಕಳೆಯ ಮೂರು ಹೂವುಗಳು ಮಾತ್ರ ಅನುಭವಿಗಳನ್ನೂ ತಪ್ಪಿಸುತ್ತವೆ. ಕ್ರೈನಮ್‌ನಲ್ಲಿ ಕೇಸರಗಳು ಒಂದಕ್ಕೊಂದು ಅಂಟದೆ ಬಿಡಿಯಾಗಿರುತ್ತವೆ. ಸ್ಪೈಡರ್ ಲಿಲ್ಲಿಯಲ್ಲಿ ಕೇಸರಗಳ ಬುಡವನ್ನು ತೆಳು ಪೊರೆಯೊಂದು ಜೋಡಿಸಿ ಬಟ್ಟಲಿನ ಆಕಾರ ಕೊಡುತ್ತದೆ. ಪ್ಯಾಂಕ್ರೇಶಿಯಮ್‌ನಲ್ಲಿಯೂ ಅಂಥದೇ ಬಟ್ಟಲಿರುವುದರಿಂದ ಅವೆರಡನ್ನು ಬೇರ್ಪಡಿಸಲು ಕಾಯಿ ಬಲಿಯುವವರೆಗೆ ಕಾಯಬೇಕು: ಪ್ಯಾಂಕ್ರೇಶಿಯಮ್‌ನ ಬೀಜ ಕಪ್ಪು, ಸ್ಪೈಡರ್ ಲಿಲ್ಲಿಯ ಬೀಜ ಹಸಿರು ಮತ್ತು ತಿರುಳಿನಿಂದ ಕೂಡಿದ್ದು. ಅಮೆರಿಕ ಖಂಡದಿಂದ ಬಂದ ಸ್ಪೈಡರ್ ಲಿಲ್ಲಿಯನ್ನು ನಮ್ಮವರು ಊರ ಹೂವೆಂದು ನಂಬಿರುವಾಗ, ಕೊಂಕಣದ ಜಂಬಿಟ್ಟಿಗೆ ಬಯಲುಗಳಲ್ಲಿ ಮುಂಗಾರಿನ ಆರಂಭಕ್ಕೆ ತಾನಾಗಿ ಅರಳುವ ಪುಟ್ಟ ಪ್ಯಾಂಕ್ರೇಶಿಯಮ್‌ನ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ನನ್ನ ಹಳೆಯ ಅಸಮಾಧಾನ.

ಕಾಡಿನಲ್ಲಿ ಕಂಡ ಗೆಡ್ಡೆಯನ್ನು ಕಿತ್ತು ತರಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಮಹಾಬಳೇಶ್ವರದ ಕೇಟ್ಸ್ ಪಾಯಿಂಟ್ ಬಳಿಯ ಕ್ರೈನಮ್ ವುಡ್ರೋವಿ, ಪುಣೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮಾರ್ಷಲ್ ವುಡ್ರೋ ಅವರ ಹೆಸರನ್ನು ಹೊತ್ತ ಸಸ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಿಸಲ್ಪಟ್ಟ ಮೇಲೆ ಅದು ಮತ್ತೆ ಕಣ್ಣಿಗೆ ಬೀಳಲು ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ಅಂಥವುಗಳ ಚಿತ್ರ ತೆಗೆದುಕೊಂಡು ಬಂದರೆ ಸಾಕು.

ನಿಜವಾದ ಲಿಲ್ಲಿ: ಚಳಿಗಾಲದ ಅತಿಥಿ

ಲಿಲಿಯಮ್ ತಂಪು ನಾಡಿನ ಸಸ್ಯ. ಭಾರತದಲ್ಲಿ ಅದು ತಾನಾಗಿ ಬೆಳೆಯುವ ಜಾಗಗಳನ್ನು ನೋಡಿದರೇ ಇದು ತಿಳಿಯುತ್ತದೆ: ಹಿಮಾಲಯದ ಇಳಿಜಾರುಗಳು, ಮಣಿಪುರದ ರಾಜ್ಯಪುಷ್ಪವಾದ ಶಿರುಯ್ ಲಿಲ್ಲಿ ಅರಳುವ ಉಖ್ರುಲ್‌ನ ಬೆಟ್ಟ, ಮತ್ತು ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ನೆಲ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 10–12 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದರಿಂದ ಅದನ್ನು ಒಂದು ಋತುವಿನ ಮಟ್ಟಿಗೆ ಚೆನ್ನಾಗಿ ಬೆಳೆಸಬಹುದು. ಮುಂಬೈಯಲ್ಲಿ ಮತ್ತು ಗೋವಾದಲ್ಲಿ ಅದನ್ನು ಒಮ್ಮೆ ಹೂ ಬಿಡಿಸಿ ಬೀಳ್ಕೊಡುವ ಗಿಡವೆಂದು ತಿಳಿದೇ ಕೊಳ್ಳುವುದು ಜಾಣತನ.

ಗೆಡ್ಡೆಗಳನ್ನು ದೀಪಾವಳಿಯ ಆಸುಪಾಸಿನಲ್ಲಿ ಕೊಳ್ಳಬೇಕು. ಅವುಗಳ ಗಾತ್ರವನ್ನು ಸುತ್ತಳತೆಯ ಸೆಂಟಿಮೀಟರ್‌ಗಳಲ್ಲಿ 10/12, 12/14, 14/16 ಎಂದು ನಮೂದಿಸಿರುತ್ತಾರೆ. ದಪ್ಪ ಗೆಡ್ಡೆಗೆ ಹೆಚ್ಚು ಮೊಗ್ಗು. ಹೊಸಬರು ಏಷ್ಯಾಟಿಕ್ ತಳಿಗಳನ್ನಾಗಲಿ ಎಲ್‌ಎ ಎಂದು ಗುರುತಿಸುವ ಮಿಶ್ರತಳಿಗಳನ್ನಾಗಲಿ ಆರಿಸಿಕೊಳ್ಳಲಿ. ಅವು ನೆಟ್ಟ ಎರಡರಿಂದ ಮೂರು ತಿಂಗಳೊಳಗೆ ಅರಳುತ್ತವೆ. ಪರಿಮಳದ ಓರಿಯೆಂಟಲ್ ತಳಿಗಳಿಗೆ ಮೂರರಿಂದ ನಾಲ್ಕು ತಿಂಗಳು ಬೇಕಾಗುವುದರಿಂದ ಮೊಗ್ಗು ಬಲಿಯುವ ಹೊತ್ತಿಗೆ ಪುಣೆಯಲ್ಲಿ ಬಿಸಿಲೇರಿರುತ್ತದೆ. ಗೆಡ್ಡೆ ಈಗಾಗಲೇ ಶೀತೋಪಚಾರ ಪಡೆದಿದೆಯೇ ಎಂದು ಅಂಗಡಿಯವರನ್ನು ಕೇಳಲೇಬೇಕು. ಪಡೆದಿಲ್ಲವಾದರೆ, ಇಲ್ಲವೇ ಅನುಮಾನವಿದ್ದರೆ, ತೇವದ ಕೊಕೊಪೀಟ್ ತುಂಬಿದ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಅವನ್ನಿಟ್ಟು ಫ್ರಿಜ್‌ನ ತರಕಾರಿ ಖಾನೆಯಲ್ಲಿ ಆರರಿಂದ ಎಂಟು ವಾರ ಇರಿಸಬೇಕು. ಕೊಕೊಪೀಟ್ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆಯಾಗಿರಲಿ. ಅದೇ ಖಾನೆಯಲ್ಲಿ ಸೇಬು, ಬಾಳೆ, ಚಿಕ್ಕು ಇರಬಾರದು, ಏಕೆಂದರೆ ಹಣ್ಣಾಗುವಾಗ ಅವು ಹೊರಬಿಡುವ ಎಥಿಲೀನ್ ಅನಿಲ ಒಳಗಿನ ಎಳೆಯ ಮೊಗ್ಗನ್ನು ಕೊಲ್ಲುತ್ತದೆ. ಮೊದಲ ವರ್ಷ ನಾನು ಗೆಡ್ಡೆಗಳನ್ನು ಚಿಕ್ಕುವಿನ ಪಕ್ಕದಲ್ಲೇ ಇಟ್ಟಿದ್ದೆ. ಎಲೆಗಳು ಸೊಂಪಾಗಿ ಬಂದವು, ತುದಿಯಲ್ಲಿ ಮೊಗ್ಗಿನ ಬದಲು ಒಣಗಿದ ಕಡ್ಡಿಗಳು ಕಾಣಿಸಿಕೊಂಡವು.

ನೆಡುವಾಗ ಆಳವೇ ಮುಖ್ಯ. ಲಿಲಿಯಮ್ ಗೆಡ್ಡೆಯ ಕೆಳಗೆ ಬಿಡುವ ಬೇರಿನ ಜೊತೆಗೆ, ಗೆಡ್ಡೆಯ ಮೇಲೆ ಮಣ್ಣಿನೊಳಗಿರುವ ಕಾಂಡದ ಭಾಗದಿಂದಲೂ ಬೇರು ಬಿಡುತ್ತದೆ, ಮತ್ತು ಬೆಳವಣಿಗೆಯ ಕಾಲದಲ್ಲಿ ಗಿಡವನ್ನು ಪೋಷಿಸುವ ಹೊಣೆ ಬಹುಮಟ್ಟಿಗೆ ಈ ಮೇಲಿನ ಬೇರುಗಳದ್ದೇ. ಆದ್ದರಿಂದ ಗೆಡ್ಡೆಯ ಮೇಲೆ 10 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಂತೆ ಮಣ್ಣಿರಬೇಕು. ಹತ್ತಿಂಚಿನ ಆಳವಾದ ಕುಂಡದಲ್ಲಿ ಮೂರು ಗೆಡ್ಡೆಗಳು ಹಿಡಿಸುತ್ತವೆ. ಪುಣೆಯ ಕಪ್ಪು ಮಣ್ಣು ಬಸಾಲ್ಟ್ ಕಲ್ಲಿನಿಂದಾದದ್ದು. ಅದು ನೀರನ್ನು ಬಿಗಿದು ಹಿಡಿಯುತ್ತದೆ, ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿರುತ್ತದೆ, ಎಲೆಗಳು ನರ ಹಸಿರಾಗಿದ್ದು ನಡುವೆ ಹಳದಿಯಾಗಲು ಇದೂ ಒಂದು ಕಾರಣ. ನರ್ಸರಿಗಳಲ್ಲಿ ಸಿಗುವ ಕೆಂಪು ಮಣ್ಣು ಎರಡು ಭಾಗ, ಕೊಕೊಪೀಟ್ ಎರಡು ಭಾಗ, ಎರೆಹುಳು ಗೊಬ್ಬರ ಒಂದು ಭಾಗ, ದಪ್ಪ ಮರಳು ಅಥವಾ ಪರ್ಲೈಟ್ ಒಂದು ಭಾಗ, ಮತ್ತು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದ ಮಿಶ್ರಣ ನನ್ನ ಕೈಹಿಡಿದಿದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವ ದಿಕ್ಕಿನ ಗ್ಯಾಲರಿ ಇದಕ್ಕೆ ಅತ್ಯುತ್ತಮ ಸ್ಥಳ.

ಹೂ ಬಾಡಿದ ಮೇಲೆ ಹೂವನ್ನಷ್ಟೇ ತೆಗೆದು, ಎಲೆಗಳು ತಾವಾಗಿ ಹಳದಿಯಾಗುವವರೆಗೆ ಕಾಂಡವನ್ನು ಕತ್ತರಿಸದೆ ಬಿಡಬೇಕು. ಏಪ್ರಿಲ್ ಕೊನೆಯಲ್ಲಿ ಗೆಡ್ಡೆ ತೆಗೆದು ಮತ್ತೆ ಫ್ರಿಜ್‌ಗೆ ಸೇರಿಸಿ ನವೆಂಬರ್‌ವರೆಗೆ ಉಳಿಸಿಕೊಳ್ಳಲು ಸಾಧ್ಯವಿದೆ; ಎರಡನೆಯ ವರ್ಷ ಹೂವು ಕಡಿಮೆಯಾಗುತ್ತದೆ. ಗೆಡ್ಡೆ ತೆಗೆಯುವಾಗ ಹೊರಗಿನ ನಾಲ್ಕಾರು ದಪ್ಪ ಪೊರೆಗಳನ್ನು ಬುಡಸಹಿತ ಬಿಡಿಸಿ, ತೇವದ ಕೊಕೊಪೀಟ್ ಇರುವ ಚೀಲದಲ್ಲಿ ಹಾಕಿ ಮನೆಯ ತಂಪಾದ ಮೂಲೆಯಲ್ಲಿಟ್ಟರೆ ಆರೆಂಟು ವಾರಗಳಲ್ಲಿ ಪ್ರತಿ ಪೊರೆಯ ಬುಡದಲ್ಲೂ ಅಕ್ಕಿಕಾಳಿನಷ್ಟು, ಬಟಾಣಿಯಷ್ಟು ಮರಿಗೆಡ್ಡೆಗಳು ಹುಟ್ಟುತ್ತವೆ. ಅವು ಹೂ ಬಿಡಲು ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಆ ಅವಧಿಯಲ್ಲಿ ಬರುವ ಎರಡು ಮೇ ತಿಂಗಳುಗಳನ್ನು ದಾಟಿಸುವುದೇ ಕಷ್ಟದ ಕೆಲಸ.

ಬೀಜವನ್ನು ಓದುವುದು

ಬೀಜದಿಂದ ಲಿಲ್ಲಿ ಬೆಳೆಸಲು ಹೊರಟವರಲ್ಲಿ ಹೆಚ್ಚಿನವರು ಸೋಲುವುದು ಎಲ್ಲ ಬೀಜಗಳನ್ನೂ ಒಂದೇ ರೀತಿ ಬಿತ್ತುವುದರಿಂದ. ಬೀಜದ ರೂಪವೇ ಅದಕ್ಕೆ ಏನು ಬೇಕೆಂದು ಹೇಳುತ್ತದೆ.

ಕಪ್ಪಗೆ, ಚಪ್ಪಟೆಯಾಗಿ, ಸುಟ್ಟ ಕಾಗದದ ಚೂರಿನಂತೆ ಹಗುರಾಗಿರುವುದು ರೇನ್ ಲಿಲ್ಲಿ ಅಥವಾ ಹಿಪ್ಪಿಯಾಸ್ಟ್ರಮ್ ಬೀಜ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎಂಬ ಗಾದೆ ನಮ್ಮ ಧಾರವಾಡದ ಕಡೆಯದು. ಪುಣೆಯ ಸೊಸೈಟಿಗಳಲ್ಲಿ ಅದೇ ಮಳೆಗೆ ಓಣಿಯೆಲ್ಲ ರೇನ್ ಲಿಲ್ಲಿ. ಬೇಸಿಗೆಯ ಒಣಗು ಕಳೆದು ಮೊದಲ ಜೋರು ಮಳೆಯಾದ ಮೂರರಿಂದ ಐದು ದಿನಗಳಲ್ಲಿ ಅವು ಒಟ್ಟಿಗೆ ಅರಳುತ್ತವೆ. ಕೊಳಾಯಿಯ ನೀರನ್ನು ದಿನವೂ ಕೊಡುತ್ತಿದ್ದರೆ ಈ ಸಂಭ್ರಮ ಕಾಣಸಿಗುವುದಿಲ್ಲ. ಎರಡು ಮೂರು ವಾರ ನೀರು ನಿಲ್ಲಿಸಿ, ನಂತರ ಕುಂಡ ತೊಯ್ಯುವಂತೆ ಸುರಿದರೆ ಮಳೆಯನ್ನು ಅನುಕರಿಸಿದಂತಾಗುತ್ತದೆ. ಹಳದಿ ಹೂವಿನ ಬಗೆ ಧಾರಾಳವಾಗಿ ಕಾಯಿ ಕಟ್ಟುತ್ತದೆ. ಮೂರು ಉಬ್ಬುಗಳ ಕಾಯಿ ಹಸಿರಿನಿಂದ ಹಳದಿಗೆ ತಿರುಗಿ ಬಿರಿಯಲು ಮೂರು ನಾಲ್ಕು ವಾರಗಳು ಬೇಕು. ಬಿರಿದ ದಿನವೇ ಬೀಜ ತೆಗೆದುಕೊಂಡು, ಎರಡು ದಿನ ನೆರಳಲ್ಲಿ ಆರಿಸಿ, ಅದೇ ವಾರ ಬಿತ್ತುವುದು ಒಳ್ಳೆಯದು, ಏಕೆಂದರೆ ಈ ಬೀಜಗಳ ಚೈತನ್ಯ ಬೇಗ ಕುಂದುತ್ತದೆ. ತಟ್ಟೆಯಲ್ಲಿ ಜರಡಿ ಹಿಡಿದ ಮಿಶ್ರಣ ತುಂಬಿ, ಬೀಜಗಳನ್ನು ಮಲಗಿಸಿ, ಕಾಣಿಸದಷ್ಟು ಮಾತ್ರ ಮರಳು ಉದುರಿಸಿದರೆ ಒಂದರಿಂದ ಎರಡು ವಾರಗಳಲ್ಲಿ ಹುಲ್ಲಿನೆಳೆಯಂಥ ಮೊಳಕೆಗಳು ಏಳುತ್ತವೆ. ಹುಲ್ಲೆಂದೇ ತಿಳಿದು ಕಿತ್ತೆಸೆಯುವ ಉತ್ಸಾಹಿಗಳು ಪ್ರತಿ ಮನೆಯಲ್ಲೂ ಇರುವುದರಿಂದ ತಟ್ಟೆಗೆ ಚೀಟಿ ಅಂಟಿಸುವುದು ಅಗತ್ಯ. ಚೆನ್ನಾಗಿ ನೋಡಿಕೊಂಡರೆ ಮುಂದಿನ ಮುಂಗಾರಿಗೆ ಇಲ್ಲವೇ ಅದರಾಚೆಯದಕ್ಕೆ ಹೂವು ನಿಶ್ಚಿತ.

ಹಿಪ್ಪಿಯಾಸ್ಟ್ರಮ್ ಬೀಜಕ್ಕೂ ಇದೇ ವಿಧಾನ ಸಲ್ಲುತ್ತದೆ, ಮೊಳಕೆಗೆ ಎರಡು ಮೂರು ವಾರ, ಹೂವಿಗೆ ಮೂರು ನಾಲ್ಕು ವರ್ಷ. ಬಟ್ಟಲಿನ ನೀರಿನ ಮೇಲೆ ಬೀಜಗಳನ್ನು ತೇಲಿಬಿಟ್ಟು, ಬೇರು ಮೂಡಿದ ಮೇಲೆ ಎತ್ತಿ ನೆಡುವ ಕ್ರಮವೂ ಇದೆ. ಜೊಳ್ಳು ಬೀಜ ಯಾವುದೆಂದು ಕಣ್ಣಿಗೇ ಕಾಣುವುದು ಅದರ ಅನುಕೂಲ. ಇದರ ಗೆಡ್ಡೆ ನೆಡುವಾಗ ಲಿಲಿಯಮ್‌ನ ನಿಯಮ ತಿರುವುಮುರುವಾಗುತ್ತದೆ: ಗೆಡ್ಡೆಯ ಕತ್ತು, ಸಾಧ್ಯವಾದರೆ ಮೇಲಿನ ಮೂರನೆಯ ಒಂದು ಭಾಗ, ಮಣ್ಣಿನಿಂದ ಹೊರಗೇ ಇರಬೇಕು. ಲಿಲಿಯಮ್‌ನಂತೆ ಆಳಕ್ಕೆ ಹೂತ ಹಿಪ್ಪಿಯಾಸ್ಟ್ರಮ್ ಮಳೆಗಾಲದಲ್ಲಿ ಕೊಳೆಯುವುದನ್ನು ನಾನು ಎಷ್ಟೋ ಕುಂಡಗಳಲ್ಲಿ ಕಂಡಿದ್ದೇನೆ.

ಹಸಿರಾಗಿ, ದಪ್ಪಗೆ, ಪುಟ್ಟ ಗೆಡ್ಡೆಯೇ ಎನ್ನಿಸುವಂತಿರುವುದು ಕ್ರೈನಮ್ ಮತ್ತು ಸ್ಪೈಡರ್ ಲಿಲ್ಲಿಯ ಬೀಜ. ಇವುಗಳಿಗೆ ಒಣಗುವುದೆಂದರೆ ಸಾಯುವುದು. ತಮ್ಮೊಳಗೇ ನೀರಿನ ದಾಸ್ತಾನು ಹೊತ್ತಿರುವುದರಿಂದ ಕ್ರೈನಮ್ ಬೀಜ ಮೇಜಿನ ಮೇಲೆ ಮಣ್ಣಿಲ್ಲದೆಯೂ ಮೊಳೆಯುತ್ತದೆ. ಕಡಲತೀರದ ಕ್ರೈನಮ್‌ನ ಬೀಜ ಸಮುದ್ರದಲ್ಲಿ ತೇಲಿ ಬೇರೆ ದಡ ಸೇರುತ್ತದೆ. ಇವನ್ನು ಹೂಳದೆ, ತೇವದ ಮಣ್ಣಿನ ಮೇಲೆ ಅರ್ಧ ಮಾತ್ರ ಅದುಮಿ ನೆರಳಲ್ಲಿಡಬೇಕು. ಗೋವಾದ, ಮುಂಬೈಯ ಉಪ್ಪುಗಾಳಿಗೂ ಭಾರಿ ಮಳೆಗೂ ಹೆದರದ ಗಿಡ ಬೇಕೆಂದರೆ ಕ್ರೈನಮ್‌ಗೆ ಸಮನಾದದ್ದು ಬೇರೊಂದಿಲ್ಲ.

ಲಿಲಿಯಮ್ ಬೀಜ ತಿಳಿ ಕಂದು ಬಣ್ಣದ, ಅಂಚಿನಲ್ಲಿ ತೆಳು ರೆಕ್ಕೆಯ ಬಿಲ್ಲೆ. ಇದರಲ್ಲಿ ಎರಡು ಸ್ವಭಾವಗಳಿವೆ. ಬಿಳಿ ತುತ್ತೂರಿಯಂಥ ಹೂವಿನ ಲಾಂಗಿಫ್ಲೋರಮ್ ಮತ್ತು ತೈವಾನ್ ಮೂಲದ ಫಾರ್ಮೋಸಾನಮ್ ಜಾತಿಗಳು 18–20 ಡಿಗ್ರಿಯ ಹವೆಯಲ್ಲಿ ಮೂರರಿಂದ ಆರು ವಾರಗಳೊಳಗೆ ಈರುಳ್ಳಿ ಸಸಿಯಂತೆ ಮಡಚಿದ ಎಲೆಯೊಂದನ್ನು ಮಣ್ಣಿನ ಮೇಲಕ್ಕೆ ಎತ್ತುತ್ತವೆ. ಮಾರ್ಟಗನ್, ಔರಾಟಮ್, ಸ್ಪೆಸಿಯೋಸಮ್ ಮೊದಲಾದವು ಮೊದಲು ಬೆಚ್ಚಗಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕುಳಿತು ನೆಲದೊಳಗೇ ಮರಿಗೆಡ್ಡೆ ಕಟ್ಟಿಕೊಳ್ಳುತ್ತವೆ, ನಂತರ ಸುಮಾರು ಮೂರು ತಿಂಗಳ ಚಳಿ ಅನುಭವಿಸಿದ ಮೇಲಷ್ಟೇ ಎಲೆ ತೋರುತ್ತವೆ. ಎರಡನೆಯ ಬಗೆಯನ್ನು ನಮ್ಮ ಊರುಗಳಲ್ಲಿ ಫ್ರಿಜ್‌ನ ನೆರವಿನಿಂದ ಮೊಳೆಸಬಹುದಾದರೂ ಬೇಸಿಗೆ ಅವುಗಳನ್ನು ಉಳಿಸುವುದಿಲ್ಲ. ಶ್ರಮಕ್ಕೆ ತಕ್ಕ ಫಲವಿಲ್ಲವೆಂದೇ ನನ್ನ ಅಭಿಪ್ರಾಯ. ಬೀಜದಿಂದ ಲಿಲಿಯಮ್ ಬೆಳೆಸುವ ಆಸೆಯಿದ್ದವರು ಫಾರ್ಮೋಸಾನಮ್ ಹಿಡಿಯಲಿ. ಹಿತವಾದ ಹವೆಯಲ್ಲಿ ಬಿತ್ತಿದ ವರ್ಷದೊಳಗೇ ಹೂ ಬಿಡಬಲ್ಲ ಅಪರೂಪದ ಲಿಲ್ಲಿ ಅದು. ನವೆಂಬರ್‌ನಲ್ಲಿ ಬಿತ್ತಿ, ಮಾರ್ಚ್‌ನಿಂದ ಸಸಿಗಳನ್ನು ಉತ್ತರ ದಿಕ್ಕಿನ ನೆರಳಿಗೆ ಸರಿಸಿ, ಮಣ್ಣಿನ ಮೇಲೆ ತೆಂಗಿನ ನಾರು ಹೊದಿಸಿ ಬೇರನ್ನು ತಂಪಾಗಿಡಬೇಕು. ಕಿತ್ತಳೆ ಪಕಳೆಗಳ ಮೇಲೆ ಕಪ್ಪು ಚುಕ್ಕೆಗಳಿರುವ ಟೈಗರ್ ಲಿಲ್ಲಿಗೆ ಬೀಜದ ಗೊಡವೆಯೇ ಇಲ್ಲ. ಎಲೆಯ ಕಂಕುಳಲ್ಲಿ ಮೂಡುವ ಕಪ್ಪು ಮಣಿಗಳನ್ನೇ ಬಿಡಿಸಿ ನೆಡುತ್ತಾರೆ.

ಗ್ಲೋರಿಯೋಸಾದ ಬೀಜ ಕೆಂಪು, ಗುಂಡಗೆ, ಗಟ್ಟಿ. ಮೊಳೆಯಲು ತಿಂಗಳುಗಳು, ಹೂವಿಗೆ ಎರಡು ಮೂರು ವರ್ಷಗಳು ಬೇಕಾಗುವುದರಿಂದ ಗೆಡ್ಡೆಯಿಂದಲೇ ಆರಂಭಿಸುವುದು ಸುಲಭ. ಮೇ ಕೊನೆಯಲ್ಲಿ ಗೆಡ್ಡೆಯನ್ನು ಅಡ್ಡವಾಗಿ ಮಲಗಿಸಿ ನಾಲ್ಕೈದು ಸೆಂಟಿಮೀಟರ್ ಮಣ್ಣು ಮುಚ್ಚಬೇಕು. ಮೊಳಕೆ ಬರುವ ಕಣ್ಣು ತುದಿಯಲ್ಲಿ ಮಾತ್ರ ಇರುವುದರಿಂದ ಆ ತುದಿ ಮುರಿದ ಗೆಡ್ಡೆ ಬರಿಯ ಕಟ್ಟಿಗೆ. ಹತ್ತಲು ತೆಳ್ಳಗಿನ ಕಡ್ಡಿ ಅಥವಾ ಬಲೆ ಇರಲಿ. ದಪ್ಪ ಗೂಟವನ್ನು ಎಲೆಯ ತುದಿ ಸುತ್ತಲಾರದು.

ಮಳೆಗಾಲದ ಕಾವಲು ಮತ್ತು ವಿಷದ ಎಚ್ಚರ

ಜುಲೈನಿಂದ ಸೆಪ್ಟೆಂಬರ್‌ವರೆಗೆ ಲಿಲ್ಲಿಗಳ ದೊಡ್ಡ ಶತ್ರು ಕಪ್ಪು ಮೈಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ, ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಹುಳು. ಗ್ಲೋರಿಯೋಸಾ, ಕ್ರೈನಮ್, ರೇನ್ ಲಿಲ್ಲಿ ಯಾವುದನ್ನೂ ಅದು ಬಿಡದು. ಎರಡು ರಾತ್ರಿಗಳಲ್ಲಿ ಇಡೀ ಕುಂಡ ಬೋಳಾಗುತ್ತದೆ. ಬೆಳಗ್ಗೆ ಎಲೆಯ ಅಡಿ ತಿರುಗಿಸಿ ನೋಡಿ, ಸಿಕ್ಕ ಹುಳುಗಳನ್ನು ಸೋಪಿನ ನೀರಿಗೆ ಹಾಕುವುದೇ ನಂಬಬಹುದಾದ ಉಪಾಯ. ಬೇವಿನೆಣ್ಣೆ ಮರಿಹುಳುಗಳ ಹಂತದಲ್ಲಿ ಮಾತ್ರ ಪರಿಣಾಮಕಾರಿ, ಮಳೆ ಬಂದರೆ ತೊಳೆದುಹೋಗುತ್ತದೆ. ಹುಳು ಮಣ್ಣಿನಲ್ಲಿ ಕೋಶವಾಗುವುದರಿಂದ ದಾಳಿಯಾದ ಕುಂಡದ ಮೇಲ್ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡುವುದನ್ನು ಮರೆಯಬಾರದು. ಗೆಡ್ಡೆ ಕೊಳೆತಿದ್ದರೆ ಕುಂಡದಿಂದ ಹುಳಿತ ವಾಸನೆ ಬರುತ್ತದೆ. ಮೆತ್ತಗಾದ ಭಾಗವನ್ನು ಕತ್ತರಿಸಿ, ಗಾಯಕ್ಕೆ ಶಿಲೀಂಧ್ರನಾಶಕವನ್ನೋ ದಾಲ್ಚಿನ್ನಿ ಪುಡಿಯನ್ನೋ ಲೇಪಿಸಿ, ನಾಲ್ಕು ದಿನ ಒಣಗಿಸಿ ಹೊಸ ಮಣ್ಣಿನಲ್ಲಿ ನೆಟ್ಟು ನೋಡಬಹುದು.

ಈ ಗೆಡ್ಡೆಗಳು ಅಡುಗೆಮನೆಯ ಹತ್ತಿರವೂ ಸುಳಿಯಬಾರದು. ಅಮರಿಲ್ಲಿಸ್ ಗುಂಪಿನ ಗೆಡ್ಡೆ ನೋಡಲು ಈರುಳ್ಳಿ, ಒಳಗೆ ಲೈಕೊರಿನ್ ಎಂಬ ವಾಂತಿ ತರಿಸುವ ವಿಷ. ಗ್ಲೋರಿಯೋಸಾದ ಕೊಲ್ಚಿಸಿನ್ ಪ್ರಾಣವನ್ನೇ ತೆಗೆಯಬಲ್ಲದು; ಅದನ್ನು ನೆಡುವಾಗ ಕೈಗವಸು ಹಾಕಿಕೊಂಡು ಮಕ್ಕಳನ್ನು ದೂರವಿರಿಸಬೇಕು. ಮನೆಯಲ್ಲಿ ಬೆಕ್ಕು ಇದ್ದರೆ ಲಿಲಿಯಮ್ ಮತ್ತು ಡೇ ಲಿಲ್ಲಿಯನ್ನು ತರಲೇಬಾರದು, ಎಲೆ ಇರಲಿ, ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟುಹೋಗಬಹುದು. ಫ್ರಿಜ್‌ನಲ್ಲಿರುವ ಚೀಲದ ಮೇಲೆ ಹೆಸರು, ತಾರೀಕು, ಜೊತೆಗೆ "ತಿನ್ನುವುದಲ್ಲ" ಎಂಬ ಸೂಚನೆಯನ್ನು ಕನ್ನಡದಲ್ಲೂ, ಅಡುಗೆಗೆ ಬರುವ ಮಾವಶಿಗಾಗಿ ಮರಾಠಿಯಲ್ಲೂ ಬರೆದು ಅಂಟಿಸುವುದು ನಮ್ಮ ಮನೆಯ ಕ್ರಮ.